ಹ್ಯಾಟೆಯೋ ಹುಂಜವೋ

ನಮ್ಮ ಮನೆಯ ಹಿತ್ತಲ ಬಾಗಿಲಿನ ಚಿಲಕ ಹೋದ ತಿಂಗಳು ಕಿತ್ತು ನನ್ನ ಕೈಗೇ ಬಂತು. ಅದನ್ನು ಹಾಕಿಸಿ ಒಂದು ವರ್ಷವೂ ಆಗಿರಲಿಲ್ಲ. ಹಾಕಿದ ಬಡಗಿಯೇ ಬಂದು ನೋಡಿ, "ಈ ಬಾಗ್ಲಾನ ದಿನಕ್ಕೆ ಎಷ್ಟು ಸಲ ತೆಗಿತೀರಿ ಸರ?" ಎಂದು ಕೇಳಿದ. ನಾನು ಕೇಳಿಸದವನಂತೆ ಆಕಾಶ ನೋಡಿದೆ. ನನ್ನ ಹೆಂಡತಿ ಶಾರದೆ ಅಡಿಗೆಮನೆಯಿಂದಲೇ ಉತ್ತರ ಕೊಟ್ಟಳು: "ಎಣಿಸಾಕ ಹೋಗಬ್ಯಾಡಪ್ಪ. ಕೋಳಿಮರಿ ನೋಡಾಕ ಹೋಕ್ಕಾರೆ, ಬರ್ತಾರೆ. ಮತ್ತೆ ಹೋಕ್ಕಾರೆ."

ಮಾತು ನಿಜ. ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ ದಾರಿಯಲ್ಲಿ ಬಸ್ ಕಂಡಕ್ಟರಾಗಿ ನಿಂತೇ ದುಡಿದವನು. ನಿವೃತ್ತಿಯಾದ ಮೇಲೆ ಮಗಳು ಒಂದು ಒಳ್ಳೆಯ ಒರಗುಕುರ್ಚಿ ತಂದುಕೊಟ್ಟಳು. ಅದರಲ್ಲಿ ಈಗ ಶಾರದೆ ಒಗೆದ ಬಟ್ಟೆ ಮಡಚಿಡುತ್ತಾಳೆ. ಮನೆಯೊಳಗೆ ಓಡಾಡುವಾಗಲೂ ನನ್ನ ಎಡಗೈ ಮೇಲಕ್ಕೆ ಹೋಗಿ ಇಲ್ಲದ ಕಂಬಿಯನ್ನು ಹುಡುಕುತ್ತದೆ. ಇಂಥವನಿಗೆ ಎಂಟು ಕೋಳಿಮರಿ ಗಂಟುಬಿದ್ದರೆ ಚಿಲಕ ಉಳಿಯುವುದು ಹೇಗೆ ಹೇಳಿ?

ಆದರೆ ಬರೀ ಮರಿ ನೋಡುವ ಖುಷಿಗೆ ನಾನು ಹೋಗುತ್ತಿರಲಿಲ್ಲ. ಆ ಎಂಟರಲ್ಲಿ ಹ್ಯಾಟೆ, ಅಂದರೆ ಹೆಣ್ಣು ಯಾವುದು, ಹುಂಜ ಯಾವುದು ಎಂದು ನನಗೆ ತಿಳಿಯಬೇಕಾಗಿತ್ತು. ನನಗಾಗಿ ಅಲ್ಲ, ಹಾಲವ್ವನಿಗಾಗಿ. ತಿಳಿಯದೆ ನನಗೆ ಊಟ ಸೇರುತ್ತಿರಲಿಲ್ಲ.

ಹಾಲವ್ವ ನನ್ನ ಹುಟ್ಟೂರಿನವಳು. ಸೊರಬ ತಾಲ್ಲೂಕಿನಲ್ಲಿ ಕುಬಟೂರಿನ ಪಕ್ಕದ ಸಣ್ಣ ಊರು ನಮ್ಮದು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ ಇತ್ತು. ನಮ್ಮ ಅವ್ವನ ಗೆಳತಿ, ನನಗೆ ದೊಡ್ಡವ್ವ. ಈಗ ಎಂಬತ್ತರ ಹತ್ತಿರ. ನಾನು ನಿವೃತ್ತಿಯಾದ ಮೇಲೆ ಊರಿಗೆ ಹೋದಾಗ ಅವಳ ಜಗುಲಿಯಲ್ಲಿ ಹತ್ತು ನಿಮಿಷದಲ್ಲಿ ಆರು ಸಲ ಎದ್ದು ಕೂತದ್ದನ್ನು ನೋಡಿ, ಒಂದು ಹ್ಯಾಟೆಯ ಕಾಲು ಕಟ್ಟಿ ನನ್ನ ಕೈಗೆ ಕೊಟ್ಟಳು. "ನಿಂಗೆ ಕೂರಾಕೆ ಬರಲ್ಲ ಕಣಾ ಮಂಜಾ. ತಗ, ಪಾಲಿಗೆ ಸಾಕು. ಇದ್ರ ಹಿಂದೆ ಓಡಾಡ್ಕಂಡಿರು" ಎಂದಳು.

ಪಾಲಿಗೆ ಸಾಕುವುದು ನಮ್ಮ ಕಡೆಯ ಹಳೆಯ ಪದ್ಧತಿ. ಕೋಳಿ ಒಬ್ಬರದು, ಸಾಕುವವರು ಇನ್ನೊಬ್ಬರು. ಮರಿಗಳು ತಾಯಿಯನ್ನು ಬಿಟ್ಟು ಮೇಯತೊಡಗಿದ ಮೇಲೆ ಸಾಕಿದವರು ಅವನ್ನು ಎರಡು ಬುಟ್ಟಿಗೆ ಸಮನಾಗಿ ಹಾಕಬೇಕು. ಕೋಳಿಯ ಒಡತಿ ಬಂದು ತಾಯಿಕೋಳಿಯ ಜೊತೆಗೆ ಯಾವುದಾದರೂ ಒಂದು ಬುಟ್ಟಿ ಎತ್ತಿಕೊಳ್ಳುತ್ತಾಳೆ. ಉಳಿದದ್ದು ಸಾಕಿದವರಿಗೆ. ಸಮ ಎಂದರೆ ಲೆಕ್ಕದಲ್ಲಿ ಮಾತ್ರ ಸಮ ಅಲ್ಲ. ಹ್ಯಾಟೆ, ಹುಂಜ ಎರಡೂ ಬುಟ್ಟಿಗೆ ಸಮನಾಗಿ ಬರಬೇಕು. ಹ್ಯಾಟೆ ಬಂದವರಿಗೆ ಮೊಟ್ಟೆ, ಮರಿ, ಮುಂದಿನ ಸಂಸಾರ. ಹುಂಜ ಬಂದವರಿಗೆ ನೆಂಟರು ಬಂದ ದಿನ ಒಂದು ಸಾರು, ಅಷ್ಟೇ.

ಹಾಲವ್ವ ಕೊಟ್ಟ ಹ್ಯಾಟೆ ನಮ್ಮ ಹಿತ್ತಲಲ್ಲಿ ಚೆನ್ನಾಗಿ ಹೊಂದಿಕೊಂಡಿತು. ಕಾವಿಗೆ ಕೂತು ಎಂಟು ಮರಿ ಎಬ್ಬಿಸಿತು. ಅಷ್ಟರಲ್ಲಿ ಅತ್ತ ಊರಿನಲ್ಲಿ ಕೋಳಿಗಳಿಗೆ ರೋಗ ಬಂದು ಒಂದೇ ವಾರದಲ್ಲಿ ಹಾಲವ್ವನ ಹಿತ್ತಲು ಖಾಲಿಯಾಯಿತು. ಐವತ್ತು ವರ್ಷದಿಂದ ಒಂದರ ಹೊಟ್ಟೆಯಲ್ಲಿ ಒಂದು ಹುಟ್ಟಿ ಬೆಳೆದುಬಂದ ತಳಿ ಅದು. ಒಂದೂ ಉಳಿಯಲಿಲ್ಲ. ಉಳಿದದ್ದು ನಮ್ಮಲ್ಲಿದ್ದ ಹ್ಯಾಟೆ ಮಾತ್ರ. ಅದನ್ನೂ ಒಂದು ದಿನ ಬೀದಿನಾಯಿ ಹಿಡಿಯಿತು. ಅಲ್ಲಿಗೆ ಆ ತಳಿಯೆಂದರೆ ನನ್ನ ಎಂಟು ಮರಿ. ಅವುಗಳಲ್ಲಿ ನಾಲ್ಕು ಹಾಲವ್ವನಿಗೆ ಹೋಗಬೇಕು. ಆ ನಾಲ್ಕೂ ಹುಂಜವಾದರೆ ಅವಳ ಹಿತ್ತಲ ಕಥೆ ಮುಗಿದಂತೆ.

ಎಂಟನ್ನೂ ನೀನೇ ಇಟ್ಟುಕೋ ಎಂದು ಫೋನಿನಲ್ಲಿ ಹೇಳಿ ನೋಡಿದೆ. ಅವಳು ಬೈದಳು. "ಪಾಲಿಗೆ ಕೊಟ್ಟಿದ್ನ ಪೂರ್ತಿ ತಗಂಡ್ರೆ ಹಿತ್ಲಲ್ಲಿ ಕೋಳಿ ನಿಲ್ಲಲ್ಲ. ನನ್ ಪಾಲು ನಂಗೆ ಸಾಕು. ಯಾವ ಬುಟ್ಟಿ ಅಂತ ನೀನೇ ಹೇಳು. ನಂಗೆ ಕಣ್ಣು ಮಂಜು. ನೀನು ಹೇಳಿದ್ ಮೇಲೆ ಮುಗೀತು, ನೀನು ಸತ್ಯವಂತ."

ಸತ್ಯವಂತ. ಈ ಒಂದು ಮಾತಿಗೆ ನಾನು ಐವತ್ತು ವರ್ಷದಿಂದ ಹೆದರುತ್ತ ಬಂದಿದ್ದೇನೆ.

ಅದಕ್ಕೆ ಬರುತ್ತೇನೆ. ಮೊದಲು ನನ್ನ ಸಂಶೋಧನೆಗಳನ್ನು ಹೇಳಿಬಿಡುತ್ತೇನೆ, ನಿಮಗೂ ಉಪಯೋಗವಾಗದಿರಲಿ. ಕಾಲು ಹಿಡಿದು ತಲೆಕೆಳಗೆ ಮಾಡಿದರೆ ಕತ್ತೆತ್ತಿ ನೋಡುವುದು ಹುಂಜ, ಸುಮ್ಮನೆ ಜೋತುಬೀಳುವುದು ಹ್ಯಾಟೆ ಎಂದು ಹಾಲು ಹಾಕುವವನು ಹೇಳಿದ. ಹಿಡಿದೆ. ಎಂಟೂ ಕತ್ತೆತ್ತಿ ನನ್ನ ಬೆರಳು ಕುಕ್ಕಿದವು. ಸೂಜಿಗೆ ದಾರ ಕಟ್ಟಿ ಬೆನ್ನಿನ ಮೇಲೆ ಹಿಡಿ, ಸುತ್ತು ಹಾಕಿದರೆ ಹೆಣ್ಣು ಎಂದರು ಪಕ್ಕದ ಮನೆಯವರು. ನನ್ನ ಕೈ ಬಸ್ಸಿನಲ್ಲಿ ಕುಲುಕಿ ಕುಲುಕಿ ಈಗಲೂ ನಡುಗುತ್ತದೆ, ಸೂಜಿ ಎತ್ತ ಬೇಕಾದರೂ ಹೋಯಿತು. ಮೇಲಿನಿಂದ ಟವೆಲ್ ಬೀಸಿ ಎಸೆದರೆ ಹ್ಯಾಟೆ ಓಡುತ್ತದೆ, ಹುಂಜ ಎದೆಯುಬ್ಬಿಸಿ ನಿಲ್ಲುತ್ತದೆ ಎಂದು ಎಲ್ಲೋ ಕೇಳಿದ್ದೆ. ಎಸೆದೆ. ಎಲ್ಲವೂ ಓಡಿದವು, ಟವೆಲ್ ಬಾವಿಗೆ ಬಿತ್ತು. ಮೊಬೈಲಿನಲ್ಲಿ ಒಬ್ಬ ರೆಕ್ಕೆ ಬಿಡಿಸಿ ಗರಿಯ ಸಾಲು ನೋಡುವುದನ್ನು ತೋರಿಸಿದ. ಆದರೆ ಅದು ಹುಟ್ಟಿದ ದಿನವೇ ನೋಡಬೇಕಂತೆ, ಅದೂ ಫಾರಂ ಮರಿಗಂತೆ. ಹೀಗೆ ಒಂದೇ ಮರಿ ಬೆಳಿಗ್ಗೆ ಹುಂಜವಾಗಿ, ಊಟದ ಹೊತ್ತಿಗೆ ಹ್ಯಾಟೆಯಾಗಿ, ಸಂಜೆಗೆ ಮತ್ತೆ ಹುಂಜವಾಗುತ್ತಿತ್ತು. ತಾಳಗುಂದದ ಗೆಳೆಯ ಕಳಿಸಿದ ಮೆಕ್ಕೆಜೋಳದ ನುಚ್ಚು ಎರಚಿ, ಕುಕ್ಕರುಗಾಲಿನಲ್ಲಿ ಕೂತು ಅವುಗಳ ಜುಟ್ಟನ್ನೇ ನೋಡುತ್ತಿದ್ದೆ. ಶಾರದೆ ಬಂದು, "ಅವೂ ನಿಮ್ಮನ್ನ ಹಂಗೇ ನೋಡ್ತಾವಲ್ರೀ. ಇವರು ಏನಿರಬಹುದು ಅಂತ ಯೋಚ್ನಿ ಮಾಡ್ತಿರಬೇಕು" ಎಂದಳು.

ತಮಾಷೆಯೆಂದರೆ, ಹತ್ತು ವರ್ಷದ ಹುಡುಗನಾಗಿದ್ದಾಗ ನನಗೆ ಈ ವಿದ್ಯೆ ಬರುತ್ತಿತ್ತು. ಊರಿನಲ್ಲಿ ಯಾರ ಮನೆಯಲ್ಲಿ ಪಾಲು ಮಾಡಿದರೂ "ಮಂಜನ್ನ ಕರೀರಿ" ಎನ್ನುತ್ತಿದ್ದರು. ಜುಟ್ಟು ಮೂಡುವ ಮೊದಲೇ ನಾನು ಬೆರಳು ತೋರಿಸಿ, ಇದು ಹ್ಯಾಟೆ, ಇದು ಹುಂಜ ಎಂದು ಹೇಳುತ್ತಿದ್ದೆ. ಹೇಗೆ ಗೊತ್ತಾಗುತ್ತದೆ ಎಂದರೆ ವಿವರಿಸಲು ಬರುತ್ತಿರಲಿಲ್ಲ. ಕಾಲಿನ ದಪ್ಪ, ನಿಲ್ಲುವ ಠೀವಿ, ಕೊಕ್ಕಿನ ಬುಡದ ಕೆಂಪು, ಎಲ್ಲ ಸೇರಿ ಒಂದು ಮುಖ ಕಾಣುತ್ತಿತ್ತು. ಮುಂದೆ ಬಸ್ಸಿನಲ್ಲಿ, ಟಿಕೆಟ್ ತೆಗೆದುಕೊಳ್ಳದೆ ಇಳಿಯುವವನು ಯಾರು ಎಂದು ಅವನು ಹತ್ತುವಾಗಲೇ ನನಗೆ ತಿಳಿಯುತ್ತಿತ್ತಲ್ಲ, ಹಾಗೆ.

ಆ ವರ್ಷ ಹಾಲವ್ವ ನಮ್ಮ ಅವ್ವನಿಗೆ ಒಂದು ಹ್ಯಾಟೆಯನ್ನು ಪಾಲಿಗೆ ಕೊಟ್ಟಿದ್ದಳು. ಗಂಡ ತೀರಿಕೊಂಡು ಕೈಗೂಸಿನ ಜೊತೆ ಕೂಲಿಗೆ ಹೋಗುತ್ತಿದ್ದ ಹಾಲವ್ವನಿಗೆ ಹಗಲು ಮರಿಗಳನ್ನು ಹದ್ದಿನಿಂದ ಕಾಯುವವರು ಯಾರೂ ಇರಲಿಲ್ಲ. ಆಗಲೂ ಎಂಟೇ ಮರಿ. ಎಲ್ಲವೂ ಒಂದೇ ಮಾಸಲು ಕಂದು ಬಣ್ಣ. ಪಾಲಿನ ದಿನ ಬೆಳಿಗ್ಗೆ ನಾನು ಅವ್ವನ ಮುಂದೆ ಜಂಬ ಕೊಚ್ಚಿಕೊಂಡು, ನಾಲ್ಕು ಹ್ಯಾಟೆ, ನಾಲ್ಕು ಹುಂಜ ಎಂದು ಒಂದೊಂದನ್ನೂ ಹಿಡಿದು ತೋರಿಸಿದೆ. "ಹಂಗಾದ್ರೆ ಎರಡೆರಡು ಹಾಕು" ಎಂದು ಹೇಳಿ ಅವ್ವ ಅವರೆಕಾಯಿ ಸುಲಿಯುತ್ತ ಕೂತಳು.

ನಾನು ಎರಡೆರಡು ಹಾಕಲಿಲ್ಲ. ನಾಲ್ಕೂ ಹ್ಯಾಟೆಯನ್ನು ಒಂದು ಬುಟ್ಟಿಗೆ, ನಾಲ್ಕೂ ಹುಂಜವನ್ನು ಇನ್ನೊಂದಕ್ಕೆ ಹಾಕಿದೆ. ಯಾಕೆ ಎಂದರೆ ದುರಾಸೆ, ಬೇರೆ ಹೆಸರಿಲ್ಲ. ಹುಂಜ ನಮಗೆ ಬಂದರೆ ಮಾವ ಬಂದ ದಿನ ಒಂದೊಂದೇ ಹೋಗುತ್ತದೆ; ಹ್ಯಾಟೆಯಾದರೆ ಹಿತ್ತಲ ತುಂಬ ಮರಿ, ದಿನಾ ಮೊಟ್ಟೆ. ಹಾಲವ್ವ ಬಂದಳು. ಎರಡೂ ಬುಟ್ಟಿ ನೋಡಿ, "ನೀನೇ ಹೇಳಪ್ಪ, ಯಾವ್ದು ತಗಳ್ಲಿ?" ಎಂದು ಕೇಳಿದಳು. ನಾನು ಹುಂಜದ ಬುಟ್ಟಿ ತೋರಿಸಿ, "ಇದು ದೊಡ್ಡವ್ವ. ಇದ್ರಲ್ಲಿ ನಾಲ್ಕೂ ಹ್ಯಾಟೆ" ಎಂದೆ. ಅವಳ ಮುಖ ಅರಳಿತು. "ನಾಲ್ಕೂ ನಂಗೇ ಕೊಡ್ತೀಯಾ?" ಎಂದು ನನ್ನ ಕೆನ್ನೆ ಸವರಿ, ಬುಟ್ಟಿ ಎತ್ತಿಕೊಂಡು ಹೋದಳು. ಅವ್ವ ಅವರೆಕಾಯಿಯಿಂದ ಕಣ್ಣೆತ್ತಿ ಒಮ್ಮೆ ನನ್ನನ್ನು ನೋಡಿದಳು. ಮತ್ತೆ ಸುಲಿಯತೊಡಗಿದಳು.

ಮರುದಿನ ಬೆಳಿಗ್ಗೆ ನನ್ನನ್ನು ರಜೆಗೆಂದು ಮಾವನ ಊರಿಗೆ ಕಳಿಸಿದರು. ತಿಂಗಳು ಕಳೆದು ವಾಪಸು ಬಂದು ಹಿತ್ತಲಿಗೆ ಓಡಿದೆ. ನಮ್ಮ ನಾಲ್ಕೂ ಮರಿಗೆ ಕೆಂಪು ಜುಟ್ಟು ಎದ್ದು ನಿಂತಿತ್ತು. ಒಂದು ನನ್ನ ಕಣ್ಣೆದುರೇ ಬೇಲಿ ಹತ್ತಿ, ಒಡಕು ಗಂಟಲಲ್ಲಿ ಕೂಗಿತು. ಗೋಡೆಯಾಚೆ ಹಾಲವ್ವನ ಹಿತ್ತಲಲ್ಲಿ ನಾಲ್ಕು ಹ್ಯಾಟೆಗಳು ನೆಲ ಕೆದಕುತ್ತಿದ್ದವು.

ಆವತ್ತು ನನಗೆ ಎರಡು ವಿಷಯ ಗೊತ್ತಾಯಿತು. ಒಂದು, ನಾನು ಮೋಸಗಾರ. ಎರಡು, ಮೋಸ ಮಾಡುವಷ್ಟು ವಿದ್ಯೆಯೂ ನನಗಿಲ್ಲ. ಎರಡನೆಯದೇ ಹೆಚ್ಚು ಚುಚ್ಚಿತು ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಆಮೇಲೆ ಯಾರು ಕರೆದರೂ ಪಾಲಿಗೆ ಹೋಗಲಿಲ್ಲ. "ಗೊತ್ತಾಗಲ್ಲ" ಎಂದುಬಿಡುತ್ತಿದ್ದೆ. ಆದರೆ ಹಾಲವ್ವ ಬಿಡಬೇಕಲ್ಲ? ಬಾವಿಕಟ್ಟೆಯಲ್ಲಿ, ಬಸ್ಸಿನಲ್ಲಿ, ನನ್ನ ಮದುವೆಯ ಚಪ್ಪರದಲ್ಲಿ, ಎಲ್ಲರ ಎದುರಿಗೂ ಅವಳದು ಒಂದೇ ಪಾಠ: "ಮಂಜ ಸತ್ಯವಂತ. ಹ್ಯಾಟೇನೆಲ್ಲ ನಂಗೆ ಕೊಟ್ಟು ಹುಂಜ ತಾನಿಟ್ಕಂಡ." ನಾನು ಪ್ರತಿ ಸಲವೂ ತಲೆ ತಗ್ಗಿಸುತ್ತಿದ್ದೆ. ಜನ ಅದನ್ನೂ ವಿನಯ ಎಂದುಕೊಂಡರು. ಬಸ್ಸಿನಲ್ಲಿ ಒಂದು ಚಿಲ್ಲರೆ ಕಾಸನ್ನೂ ಬಚ್ಚಿಡಲು ನನಗೆ ಧೈರ್ಯ ಬರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಎಲ್ಲಿ ಹಾಲವ್ವ ಹತ್ತಿಬಿಡುತ್ತಾಳೋ ಎಂಬ ಭಯ.

ಹಾಗಾಗಿ ಈ ಸಲ ಫೋನು ಬಂದಾಗಲೆಲ್ಲ ನೆಪ ಹೇಳಿದೆ. ಮೊದಲ ಸಲ, ಮರಿ ಇನ್ನೂ ಸಣ್ಣವು ಎಂದೆ. ಎರಡನೆಯ ಸಲ, ನನಗೆ ಜ್ವರ ಎಂದೆ. ಇನ್ನೊಂದು ತಿಂಗಳು ತಳ್ಳಿದರೆ ಜುಟ್ಟೇ ಎದ್ದು ಸತ್ಯ ಹೇಳುತ್ತದೆ, ನಾನು ಹೇಳಬೇಕಿಲ್ಲ ಎಂಬುದು ನನ್ನ ಲೆಕ್ಕಾಚಾರ. ಮೂರನೆಯ ಸಲ ಫೋನು ಮಾಡಿದವನು ಅವಳ ಮಗ ಬಸವರಾಜ. "ಅಣ್ಣ, ಅವ್ವ ದಿನಾ ಹೊತ್ತಾರೆ ಎದ್ದು ಖಾಲಿ ಹಿತ್ಲಲ್ಲಿ ನುಚ್ಚು ಎರಚ್ತಾಳೆ. ಬ್ಯಾಡ ಅಂದ್ರೆ ಕೇಳಲ್ಲ. ಕಾಗೆ ಬಂದು ತಿನ್ಕಂಡು ಹೋಗ್ತಾವೆ. ನಂಗೆ ನೋಡಾಕಾಗಲ್ಲ" ಎಂದ. ನಾನು ಫೋನಿಟ್ಟು, ಎಂಟೂ ಮರಿಯನ್ನು ಹಿಡಿದು ಬುಟ್ಟಿಗೆ ಹಾಕಿ, ಇನ್ನೊಂದು ಖಾಲಿ ಬುಟ್ಟಿ ಹೆಗಲಿಗೆ ಸಿಕ್ಕಿಸಿ ಹೊರಟೆ. "ಊಟನಾದ್ರೂ ಮಾಡಿ ಹೋಗ್ರೀ" ಎಂದು ಶಾರದೆ ಹೇಳಿದ್ದು ಬೀದಿಯ ತಿರುವಿನಲ್ಲಿ ಕೇಳಿಸಿತು.

ಬಸ್ಸಿನಲ್ಲಿ ಹೊಸ ಕಂಡಕ್ಟರ್. ನನ್ನ ಗುರುತಿಲ್ಲ. "ಬುಟ್ಟ್ಯಾಗ ಏನೈತ್ರಿ ಯಜಮಾನ್ರೆ?" ಎಂದ. ಕೋಳಿಗೂ ಟಿಕೆಟ್ ಉಂಟು ಎಂದು ಸರ್ವಿಸ್ ಪೂರ್ತಿ ಜನರ ಹತ್ತಿರ ಜಗಳವಾಡಿದ ನಾನು, ಬಾಯಿ ತಪ್ಪಿ "ಬದನೆಕಾಯಿ" ಎಂದುಬಿಟ್ಟೆ. ಬದನೆಕಾಯಿಗಳು ಎಂಟೂ ಒಟ್ಟಿಗೆ ಚಿಂವ್‌ಗುಟ್ಟಿದವು. ಇಡೀ ಬಸ್ಸು ತಿರುಗಿ ನೋಡಿತು. ಸತ್ಯವಂತ ಮರಿಗಳಿಗೂ ಟಿಕೆಟ್ ತೆಗೆದುಕೊಂಡ.

ಶಿರಾಳಕೊಪ್ಪದಲ್ಲಿ ಬಸ್ ಬದಲಿಸಬೇಕು. ಸಂತೆಯ ದಿನ. ಮೂಲೆಯಲ್ಲಿ ನಾಟಿಕೋಳಿ ಮಾರುವವರು ಕೂತಿದ್ದರು. ಬಲ್ಲವರನ್ನು ಒಂದು ಮಾತು ಕೇಳಿಬಿಡೋಣ ಎಂದು ಬುಟ್ಟಿಯ ಬಟ್ಟೆ ಸರಿಸಿದೆ. ವ್ಯಾಪಾರಿ ಕಣ್ಣು ಹಾಯಿಸಿ, "ಆರು ಹುಂಜ, ಎರಡು ಹ್ಯಾಟೆ" ಎಂದ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಕೋಳಿಗಳನ್ನು ಬಿಟ್ಟು ಎದ್ದುಬಂದಳು. "ನಿನ್ ಕಣ್ಣಿಗೆ ಏನಾಗೈತಿ? ಐದು ಹ್ಯಾಟೆ ಅದಾವೆ" ಎಂದಳು. ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ತೀರ್ಪು ಕಾಯುತ್ತ ನಿಂತ ನನ್ನ ಎದುರೇ ಆನವಟ್ಟಿ ಬಸ್ಸು ಹೋಯಿತು. ನಾನು ಬಸ್ಸು ತಪ್ಪಿಸಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಮುಂದಿನ ಬಸ್ಸಿಗೆ ಒಂದು ಗಂಟೆ ಇತ್ತು. ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಬುಟ್ಟಿ ಹೊತ್ತು ನಡೆದಾಡುತ್ತ ಅಲ್ಲಿಯೇ ತೀರ್ಮಾನಿಸಿದೆ: ಯಾವುದೋ ಬುಟ್ಟಿಗೆ ಬೆರಳು ತೋರಿಸುವುದಿಲ್ಲ. ಇರುವುದನ್ನು ಹೇಳಿಬಿಡುತ್ತೇನೆ. ಬೈದರೆ ಬೈಯಲಿ.

ಹಾಲವ್ವ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಮರಿಗಳ ಸದ್ದು ಕೇಳಿದ್ದೇ ಎದ್ದು ನಿಂತಳು. ಬುಟ್ಟಿಯೊಳಗೆ ಕೈ ಹಾಕಿ ಒಂದೊಂದರ ಬೆನ್ನೂ ಸವರಿದಳು. "ನಮ್ಮವೇ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು, "ಹಾಕು ಪಾಲು. ಯಾವ್ದು ನಂದು ಹೇಳು" ಎಂದಳು.

"ದೊಡ್ಡವ್ವ, ನಂಗೆ ಗೊತ್ತಾಗಲ್ಲ" ಎಂದೆ. "ಆವತ್ತೂ ಗೊತ್ತಿರಲಿಲ್ಲ. ನಿಂಗೆ ಹುಂಜ ಕೊಡಬೇಕು ಅಂತ್ಲೇ ಆ ಬುಟ್ಟಿ ತೋರಿಸಿದ್ದೆ. ಸುಳ್ಳು ಹೇಳಿದ್ದೆ. ನನ್ನ ಕಣ್ಣು ತಪ್ಪಿ ಅದ್ರಲ್ಲಿ ಹ್ಯಾಟೆ ಬಂದ್ವು. ನಾನು ಸತ್ಯವಂತ ಅಲ್ಲ."

ಅವಳು ನನ್ನ ಕಡೆ ತಿರುಗಿ ಮತ್ತೆ ಕಟ್ಟೆಯ ಮೇಲೆ ಕೂತಳು.

"ನಿನ್ ಕಣ್ಣು ತಪ್ಪಿರಲಿಲ್ಲ ಕಣಾ" ಎಂದಳು. "ನೀನು ಕೊಟ್ಟಿದ್ದು ನಾಲ್ಕೂ ಹುಂಜನೇ. ದೀಪ ಹಚ್ಚೋ ಹೊತ್ತಿಗೆ ನಿಮ್ಮವ್ವ ಇನ್ನೊಂದು ಬುಟ್ಟಿನ ಸೆರಗಲ್ಲಿ ಮುಚ್ಕಂಡು ಬಂದ್ಲು. ಇದು ತಗ, ಅದು ಕೊಡು ಅಂದ್ಲು. ನಂಗೆ ಅರ್ಥ ಆತು. ಎರಡೆರಡು ಮಾಡ್ಕಳಣ ಅಂದೆ. ಒಪ್ಪಲಿಲ್ಲ. ನನ್ ಮಗ ನಿಂಗೆ ಹ್ಯಾಟೆ ಅಂತ ಹೇಳ್ಯಾನೆ, ಹ್ಯಾಟೇನೆ ಕೊಡ್ಬೇಕು, ಅವನ ಮಾತು ಸುಳ್ಳಾಗಬಾರ್ದು ಅಂದ್ಲು. ಮಾರನೇ ದಿನ ಬೆಳಿಗ್ಗೇನೆ ನಿನ್ನ ಮಾವನ ಊರಿಗೆ ಕಳಿಸಿದ್ಲು."

"ಮತ್ತೆ ನೀನು ಯಾಕೆ ಊರೆಲ್ಲ ಹಾಗೆ ಹೇಳ್ತಿದ್ದೆ?"

"ಅವ್ಳೇ ಹೇಳಿದ್ದು. ಬೈದ್ರೆ ಮೊಂಡ ಆಗ್ತಾನೆ, ಸತ್ಯವಂತ ಅಂತ್ಲೇ ಕರಿ ಹಾಲವ್ವ, ನಾಚ್ಕಂಡಾದ್ರೂ ಹಂಗೇ ಆಗ್ತಾನೆ ಅಂದ್ಲು. ಆಣೆ ಹಾಕಿಸ್ಕಂಡಿದ್ಲು ನಿಂಗೆ ಹೇಳಬಾರ್ದು ಅಂತ. ಈಗ ನೀನೇ ಬಾಯಿ ಬಿಟ್ಯಲ್ಲ."

ನನಗೆ ಮೊದಲು ಬಂದದ್ದು ಸಿಟ್ಟು. ಇಬ್ಬರು ಹೆಂಗಸರು ಸೇರಿ ಐವತ್ತು ವರ್ಷ ನನ್ನನ್ನು ಆಟವಾಡಿಸಿದರಲ್ಲ ಎಂದು. ಆ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಆ ವರ್ಷ ನಮ್ಮ ಹಿತ್ತಲಲ್ಲಿ ಮೊಟ್ಟೆಯಿಡುವ ಒಂದು ಕೋಳಿಯೂ ಇರಲಿಲ್ಲ. ನೆಂಟರು ಬಂದಾಗ ಆ ಹುಂಜಗಳನ್ನು ಒಂದೊಂದಾಗಿ ಕೊಯ್ದರು. ಪ್ರತಿ ಸಲವೂ ಅವ್ವ ತೊಡೆಯ ತುಂಡನ್ನು ನನ್ನ ತಟ್ಟೆಗೇ ಹಾಕಿ, ತಾನು ಬರೀ ಸಾರು ಸುರಿದುಕೊಂಡು ಉಂಡಳು. ನಮ್ಮ ಅದೃಷ್ಟ ಕೆಟ್ಟಿತ್ತು, ಅವ್ವ ಅದನ್ನು ಸಹಿಸಿಕೊಂಡಳು ಎಂದೇ ನಾನು ತಿಳಿದಿದ್ದೆ. ಅವ್ವ ತೀರಿಕೊಂಡು ಹನ್ನೆರಡು ವರ್ಷವಾಯಿತು. ಇದ್ದಷ್ಟು ಕಾಲ ಒಂದು ದಿನವೂ, ಒಂದು ಕುಹಕದ ಮಾತಿನಲ್ಲೂ, ಅದನ್ನು ಎತ್ತಲಿಲ್ಲ. ನಾನು ಹಾಲವ್ವನ ಹಿತ್ತಲಲ್ಲಿ, ಬುಟ್ಟಿಯ ಪಕ್ಕದಲ್ಲಿ ಕೂತು ಅತ್ತೆ. ಅಷ್ಟು ಹೊತ್ತು ಎದ್ದೇಳದೆ ಒಂದೇ ಕಡೆ ಕೂತದ್ದು ನಿವೃತ್ತಿಯಾದ ಮೇಲೆ ಅದೇ ಮೊದಲಿರಬೇಕು.

"ಅಳೋದು ಸಾಕು. ಮರಿ ಬಿಸಿಲಿಗೆ ಬಾಯಿ ಬಿಡ್ತಾವೆ, ಪಾಲು ಹಾಕು" ಎಂದಳು ಹಾಲವ್ವ.

ಮರಿಗಳನ್ನು ನೆಲಕ್ಕೆ ಬಿಟ್ಟೆ. ಕಾಲು ಹಿಡಿಯಲಿಲ್ಲ, ಟವೆಲ್ ಎಸೆಯಲಿಲ್ಲ. ಸುಮ್ಮನೆ ನೋಡಿದೆ. ಒಂದು ಕಾಲು ಅಗಲಿಸಿ ನಿಂತಿತ್ತು. ಇನ್ನೊಂದು ತಲೆ ತಗ್ಗಿಸಿ ಕೆದಕುತ್ತಿತ್ತು. ನಿಧಾನವಾಗಿ ಮುಖಗಳು ಕಾಣತೊಡಗಿದವು, ಅಥವಾ ಕಂಡವು ಎಂದು ನಂಬಿದೆ. ನಾಲ್ಕನ್ನು ಆರಿಸಿ ಅವಳ ಬುಟ್ಟಿಗೆ ಹಾಕಿದೆ. "ಇವು ನಾಲ್ಕೂ ಹ್ಯಾಟೆ ದೊಡ್ಡವ್ವ" ಎಂದೆ. ಎರಡೆರಡು ಹಾಕು ಎಂದು ಅವಳು ಹಟ ಹಿಡಿದಳು. ನಾನು ಕೇಳಲಿಲ್ಲ. ಉಳಿದ ನಾಲ್ಕನ್ನು ಹೊತ್ತು ಸಂಜೆಯ ಬಸ್ಸು ಹತ್ತಿದೆ.

ಇದಾಗಿ ಐದು ವಾರವಾಯಿತು. ಹಾಲವ್ವನಿಗೆ ಫೋನು ಮಾಡಿ ಕೇಳಿದರೆ, "ಎಲ್ಲ ಚೆನ್ನಾಗವೆ" ಎನ್ನುತ್ತಾಳೆ. ಅಷ್ಟು ಬಿಟ್ಟು ಇನ್ನೇನೂ ಹೇಳುವುದಿಲ್ಲ; ಈ ವಿಷಯದಲ್ಲಿ ಅವಳ ಮಾತನ್ನು ನಾನಿನ್ನು ನಂಬುವಂತೆಯೂ ಇಲ್ಲ. ನಮ್ಮ ಹಿತ್ತಲಲ್ಲಿ ಉಳಿದ ನಾಲ್ಕರಲ್ಲಿ ಮೂರು ಕೂಗಿವೆ. ಮೂರು ಬೆಳಿಗ್ಗೆಯೂ ನಾನು ಕಾಫಿ ಬಿಟ್ಟು ಎದ್ದು ಹೋಗಿ ನೋಡಿ ಬಂದಿದ್ದೇನೆ. ನಾಲ್ಕನೆಯದು ಇನ್ನೂ ಕೂಗಿಲ್ಲ. ಅದರ ಜುಟ್ಟು ಬೆಳೆದಿದೆ ಎಂದರೆ ಬೆಳೆದಿದೆ, ಇಲ್ಲ ಎಂದರೆ ಇಲ್ಲ. ಅದು ಕೂಗಿಬಿಟ್ಟರೆ ನನಗೆ ನೆಮ್ಮದಿ. ಕೂಗದೆ ಒಂದು ದಿನ ಮೊಟ್ಟೆಯಿಟ್ಟರೆ, ಅದನ್ನು ಕಂಕುಳಲ್ಲಿ ಅವುಚಿಕೊಂಡು ಮೊದಲ ಬಸ್ಸಿಗೆ ಹೋಗಿ, ಹಾಲವ್ವನ ಹಿತ್ತಲಲ್ಲಿ ಬಿಟ್ಟು, ನನ್ನ ಕಣ್ಣು ತಪ್ಪಿ ಅಲ್ಲಿಗೆ ಹೋದ ಹುಂಜವನ್ನು ಹಿಡಿದು ತರಬೇಕು. ಅವ್ವನಿಗೆ ಗೋಡೆಯಾಚೆ ಹೋಗಿಬಂದರೆ ಸಾಕಾಗಿತ್ತು. ನನಗೆ ಎರಡು ಬಸ್ಸು ಹಿಡಿಯಬೇಕು.